ಇನ್ಸರ್ಟ್ ಟೂಲ್ ಹೋಲ್ಡರ್ ನಾವೇ ಮಾಡಿಕೊಳ್ಳುವುದು: ಸೀಟ್ ಹೇಗೆ ಕೊರೆಯಬೇಕು?

ಜೋಳದ ಮಿಷನ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೆಕ್ಕೆಜೋಳ ಬಿಡಿಸುವ ಮಿಷನ್ ಶಾಫ್ಟ್, ರೈಸ್ ಮಿಲ್ ಪುಲ್ಲಿ, ಬೋರ್ ಮೋಟಾರ್ ಬುಷ್, ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತೇವೆ. ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್‌ನದು, ಎಂಟರ್‌ಪ್ರೈಸ್ ಮಾಡೆಲ್. ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. ಬೆಡ್ ಇನ್ನೂ ಚೆನ್ನಾಗಿದೆ.

ಇವತ್ತಿನವರೆಗೆ ಬ್ರೇಜ್ಡ್ ಟೂಲ್‌ನಲ್ಲೇ (ಕಾರ್ಬೈಡ್ ತುಂಡನ್ನು ಹಿಡಿಗೆ ಬೆಸೆದದ್ದು) ಕೆಲಸ ನಡೆದಿದೆ. ಗ್ರೈಂಡರಿನ ಹಸಿರು ಕಲ್ಲಿನಲ್ಲಿ ಉಜ್ಜಿ ಉಜ್ಜಿ ಟೈಮ್ ಹೋಗುತ್ತದೆ. ಈಗ ಇಂಡಸ್ಟ್ರಿಯಲ್ ಏರಿಯಾದ ಸ್ನೇಹಿತನೊಬ್ಬ ತನ್ನ ಸಿಎನ್‌ಸಿ ಶಾಪ್‌ನಲ್ಲಿ ಸವೆದ ಇನ್ಸರ್ಟ್‌ಗಳನ್ನು, ಅಂದರೆ ಹೋಲ್ಡರ್‌ನಲ್ಲಿ ಕೂರಿಸುವ ಕಾರ್ಬೈಡ್ ಬಿಲ್ಲೆಗಳನ್ನು, ಡಬ್ಬಿ ತುಂಬಾ ಕೊಟ್ಟಿದ್ದಾನೆ. ಹೆಚ್ಚಿನವು ಸಿಸಿಎಂಟಿ 09ಟಿ304 ನಂಬರಿನವು. ಒಂದಷ್ಟು ಸಿಎನ್‌ಎಂಜಿ 120408 ಕೂಡ ಇವೆ. ಎರಡೂ ವಜ್ರದಾಕಾರದವು. ಲೆನ್ಸ್ ಹಿಡಿದು ನೋಡಿದೆ. 80 ಡಿಗ್ರಿಯ ಚೂಪು ಮೂಲೆಗಳು ಮಾತ್ರ ಸವೆದಿವೆ. 100 ಡಿಗ್ರಿಯ ಅಗಲ ಮೂಲೆಗಳು ಹೊಸದರ ಹಾಗೇ ಇವೆ, ಕೋಟಿಂಗ್ ಕೂಡ ಹೋಗಿಲ್ಲ.

ಆ ಅಗಲ ಮೂಲೆ ಬಳಸುವ ಹೋಲ್ಡರ್ ಬೇಕು ಅಂತ ಅಂಗಡಿಗಳಲ್ಲಿ ಕೇಳಿದೆ. ಎಲ್ಲರೂ ತೋರಿಸಿದ್ದು 80 ಡಿಗ್ರಿ ಮೂಲೆಗೆ ಆಗುವ ಎಸ್‌ಸಿಎಲ್‌ಸಿಆರ್. ಹಾಗಾಗಿ ನಾನೇ ಒಂದು ಮಾಡಿಕೊಳ್ಳಬೇಕು ಅಂತಿದ್ದೇನೆ. ನಮ್ಮ ಮಾವನ ಹತ್ತಿರ ಮಿಲ್ಲಿಂಗ್ ಮಿಷನ್ ಇದೆ. ಟೂಲ್ ಪೋಸ್ಟ್‌ಗೆ 20 ಮಿಮೀ ಚೌಕ ಶ್ಯಾಂಕ್ (ಹೋಲ್ಡರ್ ಹಿಡಿ) ಸರಿಹೋಗುತ್ತದೆ.

ಸೀಟ್, ಅಂದರೆ ಇನ್ಸರ್ಟ್ ಕೂರುವ ಗುಂಡಿ, ಯಾವ ಆ್ಯಂಗಲ್‌ನಲ್ಲಿ ಕೊರೆಯಬೇಕು? ಇನ್ಸರ್ಟ್ ಬದಿ ಇಳಿಜಾರಾಗಿದೆ, ಗೋಡೆ ನೇರ ಇದ್ದರೆ ನಡೆಯುತ್ತದಾ? ಸ್ಕ್ರೂ ಯಾವುದು? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಿಎನ್‌ಸಿ ಆಪರೇಟರ್, ದಾವಣಗೆರೆ

80 ಡಿಗ್ರಿ ಮೂಲೆಗೆ ಹೋಲ್ಡರ್ ಬೇಕಿದ್ದರೆ ಸುಮ್ನೆ ಕೊಂಡುಬಿಡಿ ಅಂತಿದ್ದೆ. ಒಳ್ಳೆ ಕಂಪನಿಯ ಹತ್ತು ಇನ್ಸರ್ಟ್ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಒಂದು ಸಾಧಾರಣ ಹೋಲ್ಡರ್ ಬಂದುಬಿಡುತ್ತದೆ. 100 ಡಿಗ್ರಿ ಮೂಲೆಗೆ ಮಾಡಿಕೊಳ್ಳುವುದಾದರೆ ಅರ್ಥ ಇದೆ. ದೊಡ್ಡ ಶಾಪ್‌ಗಳಲ್ಲಿ ಸಿಎನ್‌ಎಂಜಿಗೆ ಪಿಸಿಬಿಎನ್‌ಆರ್ ಅಂತ ಹೋಲ್ಡರ್ ಇಟ್ಟಿರುತ್ತಾರೆ, ಅದು ಈ ಅಗಲ ಮೂಲೆಗೇ ಇರುವುದು. ಸಣ್ಣ ಸಿಸಿಎಂಟಿಗೆ ಅಂಥದ್ದನ್ನು ನಮ್ಮೂರ ಅಂಗಡಿಯಲ್ಲಿ ನಾನೂ ನೋಡಿಲ್ಲ.

ಒಂದು ಮಾತು. ಸ್ನೇಹಿತನ ಹತ್ತಿರ ಆ ಇನ್ಸರ್ಟ್ ಯಾವ ಲೋಹಕ್ಕೆ ಓಡಿಸಿದ್ದು ಅಂತ ಕೇಳಿಕೊಳ್ಳಿ. ಡಬ್ಬಿಯ ಮೇಲೆ ನೀಲಿ ಪಟ್ಟಿ ಇದ್ದರೆ ಉಕ್ಕಿಗೆ, ಕೆಂಪು ಇದ್ದರೆ ಬೀಡಿಗೆ, ಹಳದಿ ಇದ್ದರೆ ಸ್ಟೇನ್‌ಲೆಸ್‌ಗೆ, ಹಸಿರು ಇದ್ದರೆ ಅಲ್ಯೂಮಿನಿಯಂ ಥರದವಕ್ಕೆ. ಎಲ್ಲ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟರೆ ಆಮೇಲೆ ಗುರುತು ಹಿಡಿಯುವುದು ಕಷ್ಟ.

ಹರಿಹರದ ಟರ್ನರ್

ತಮ್ಮಾ, ನಿಮ್ಮ ಪ್ರಶ್ನೆ ನೋಡಿ ಖುಷಿಯಾಯ್ತು. ಹರಿಹರದ ಲೇತ್ ಇನ್ನೂ ದುಡಿಯುತ್ತಿದೆ ಅನ್ನೋದು ಒಂದು, ಎಸೆಯೋ ಇನ್ಸರ್ಟ್ ಉಳಿಸೋಕೆ ಹೊರಟಿದ್ದೀರಿ ಅನ್ನೋದು ಇನ್ನೊಂದು. ನಮ್ಮೂರಲ್ಲಿ 1941ರಲ್ಲಿ ಆ ಕಾರ್ಖಾನೆ ಶುರುವಾಯ್ತು. ಅಲ್ಲಿ ತಯಾರಾದ ಲೇತ್ ಈ ಭಾಗದ ಎಷ್ಟೋ ಮನೆಗೆ ಅನ್ನ ಹಾಕಿದೆ. ಇನ್ನು ಇನ್ಸರ್ಟ್ ಅಂದರೆ ಟಂಗ್‌ಸ್ಟನ್ ಕಾರ್ಬೈಡ್. ನೆಲದಿಂದ ತೆಗೆದು, ಪುಡಿ ಮಾಡಿ, ಒತ್ತಿ, ಬೇಯಿಸಿ ಮಾಡಿದ್ದು. ಅದನ್ನು ಅರ್ಧ ಬಳಸಿ ಗುಜರಿಗೆ ಹಾಕೋದು ನನಗೆ ಯಾವತ್ತೂ ಹಿಡಿಸಿಲ್ಲ. ಸಿಸಿಎಂಟಿಗೆ ಎರಡು ಚೂಪು ಮೂಲೆ, ಎರಡು ಅಗಲ ಮೂಲೆ. ಅಗಲ ಮೂಲೆ ಚೂಪಿನದಕ್ಕಿಂತ ಗಟ್ಟಿ. ರಫಿಂಗ್‌ಗೆ, ಅಂದರೆ ಮೊದಲ ಒರಟು ಕಟ್‌ಗೆ, ಅದೇ ಒಳ್ಳೆಯದು.

ಮೊದಲು ಒಂದು ವಿಷಯ ಮನಸ್ಸಿಗೆ ತಗೊಳ್ಳಿ. ಇನ್ಸರ್ಟ್ ಹಿಡಿದಿರೋದು ಸ್ಕ್ರೂ ಅಲ್ಲ, ಸೀಟ್. ಕಟ್ ತಗೊಳ್ಳುವಾಗ ಜಾಬ್ (ತಿರುಗುವ ಲೋಹ) ಇನ್ಸರ್ಟನ್ನು ಮೂರು ಕಡೆಗೆ ತಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡದು ಕೆಳಗೆ ಒತ್ತುವ ಬಲ, ಅದನ್ನು ಸೀಟ್‌ನ ತಳ ತಡೆಯಬೇಕು. ಫೀಡ್‌ನಿಂದ, ಅಂದರೆ ಟೂಲ್ ಎಡಕ್ಕೆ ಸರಿಯುವುದರಿಂದ, ಬಲಗಡೆಗೆ ತಳ್ಳುವುದನ್ನು ಬಲಗೋಡೆ ತಡೆಯಬೇಕು. ಹಿಂದಕ್ಕೆ ತಳ್ಳುವುದನ್ನು ಹಿಂಗೋಡೆ ತಡೆಯಬೇಕು. ಗೋಡೆಗೆ ಬೆನ್ನು ಕೊಟ್ಟು ಕೂತವನನ್ನು ಎದುರಿನಿಂದ ಎಷ್ಟು ತಳ್ಳಿದರೂ ಅವನು ಎಲ್ಲಿಗೂ ಹೋಗುವುದಿಲ್ಲ ಅಲ್ವಾ, ಇನ್ಸರ್ಟ್ ಹಾಗೆ ಕೂರಬೇಕು. ಸ್ಕ್ರೂ ಕೆಲಸ ಅದನ್ನು ಮೂಲೆಗೆ ಎಳೆದು ಇಡುವುದಷ್ಟೇ. ಅದಕ್ಕೇ ಹೇಳ್ತೀನಿ, ನಿಮ್ಮ ಟೈಮೆಲ್ಲ ಸೀಟ್‌ಗೆ ಹಾಕಿ. ಶ್ಯಾಂಕ್ ಒರಟಾಗಿದ್ದರೂ ನಡೆಯುತ್ತದೆ.

ಈಗ ಆ್ಯಂಗಲ್. ಅಂಗಡಿಯ ಎಸ್‌ಸಿಎಲ್‌ಸಿಆರ್‌ನಲ್ಲಿ ಎಡಗಡೆಯ ಅಲಗು ಜಾಬ್‌ನ ಉದ್ದಕ್ಕೆ 95 ಡಿಗ್ರಿ, ಮೂಲೆ 80, ಮುಂದೆ ಜಾಬ್‌ಗೆ ತಾಗದಂತೆ ಉಳಿಯುವ ಸಡಿಲ 5. ಒಟ್ಟು 180. ನಿಮ್ಮದರಲ್ಲಿ ಮೂಲೆ 100. ಮುಂದೆ ಅದೇ 5 ಡಿಗ್ರಿ ಸಡಿಲ ಬಿಟ್ಟರೆ ಅಲಗಿಗೆ ಉಳಿಯುವುದು 75. ಅದೇ ಸರಿಯಾದ ಲೆಕ್ಕ. ಇದರಿಂದ ಶೋಲ್ಡರ್ (ಶಾಫ್ಟ್‌ನ ಮೆಟ್ಟಿಲು) ಚೌಕ ಬರುವುದಿಲ್ಲ, ಮೂಲೆಯಲ್ಲಿ 15 ಡಿಗ್ರಿ ಇಳಿಜಾರು ಉಳಿಯುತ್ತದೆ. ಆ ಕೊನೆಯ ಚೂರು ಬ್ರೇಜ್ಡ್ ಟೂಲ್‌ನಲ್ಲೇ ತೆಗೆಯಿರಿ.

ಅಂದರೆ ಹಿಂಗೋಡೆ, ಶ್ಯಾಂಕ್‌ಗೆ ಅಡ್ಡವಾಗಿ ಮೂಲೆಮಟ್ಟ ಇಟ್ಟು ಎಳೆದ ಗೆರೆಯಿಂದ 5 ಡಿಗ್ರಿ ಓರೆ. ಎಡತುದಿ ಮುಂದೆ, ಬಲತುದಿ ಹಿಂದೆ. ಬಲಗೋಡೆ ಶ್ಯಾಂಕ್ ಉದ್ದದ ಗೆರೆಯಿಂದ 15 ಡಿಗ್ರಿ ಓರೆ. ಅದು ಹಿಂದೆ ಹೋಗುತ್ತಾ ಎಡಕ್ಕೆ ವಾಲುತ್ತದೆ. ಎರಡೂ ಸೇರುವಲ್ಲಿ 100 ಡಿಗ್ರಿ ಬಂದೇ ಬರುತ್ತದೆ. ಗೊಂದಲ ಆದರೆ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು, ಇನ್ಸರ್ಟ್ ಆಕಾರ ಕತ್ತರಿಸಿ ಇಟ್ಟು ನೋಡಿ. ಬಲಗೈ ಟೂಲ್ ಬದಲು ಎಡಗೈ ಟೂಲ್ ಆಗಿಬಿಡುವುದು ಇಲ್ಲೇ.

ತಳ ಚಪ್ಪಟೆ ಇರಲಿ, ಯಾವ ಕಡೆಗೂ ಓರೆ ಬೇಡ. ಸಿಸಿಎಂಟಿಗೆ ಬದಿಯಲ್ಲೇ 7 ಡಿಗ್ರಿ ಸಡಿಲ ಇದೆ. ದಪ್ಪ 3.97 ಮಿಮೀ, ಹೆಸರಿನಲ್ಲಿ ಟಿ3 ಅಂತ ಇರೋದು ಅದಕ್ಕೇ. ಕಟಿಂಗ್ ಎಡ್ಜ್ ಶ್ಯಾಂಕ್ ಮೇಲ್ಮೈ ಮಟ್ಟಕ್ಕೇ ಬರುವ ಹಾಗೆ ಆಳ ಇಡಿ. 20 ಮಿಮೀ ಶ್ಯಾಂಕ್ ಅಂದರೆ ಎಡ್ಜ್ 20ರಲ್ಲಿ. ಪ್ಯಾಕಿಂಗ್ (ಟೂಲ್ ಕೆಳಗೆ ಇಡುವ ಪಟ್ಟಿ) ಲೆಕ್ಕ ಸುಲಭ ಆಗುತ್ತದೆ.

ಗೋಡೆ ಕೊರೆಯುವ ಮೊದಲು ಒಳಮೂಲೆಯ ಬಿಂದುವಿನಲ್ಲಿ 5 ಮಿಮೀ ತೂತು ಹಾಕಿ, ಸೀಟ್ ತಳಕ್ಕಿಂತ ಅರ್ಧ ಮಿಮೀ ಜಾಸ್ತಿ ಆಳ. ಕಟರ್ ಒಳಮೂಲೆಯಲ್ಲಿ ದುಂಡು ಬಿಡುತ್ತದೆ, ಇನ್ಸರ್ಟ್ ಮೂಲೆಯ ದುಂಡು ಬರೀ 0.4. ತೂತು ಇಲ್ಲದಿದ್ದರೆ ಮೂಲೆ ತಾಗಿ, ಗೋಡೆಗೆ ಕೂರುವುದೇ ಇಲ್ಲ.

ಇನ್ನೊಂದು, ನಿಮ್ಮ ಹೋಲ್ಡರ್‌ಗೇ ಬೇಕಾದದ್ದು. ಇನ್ಸರ್ಟನ್ನು ಹೀಗೆ ತಿರುಗಿಸಿ ಇಟ್ಟಾಗ ಸವೆದ 80 ಡಿಗ್ರಿ ಮೂಲೆಗಳು ಎರಡೂ ಗೋಡೆಗಳ ಹೊರತುದಿಗೆ ಬರುತ್ತವೆ. ಅಲ್ಲಿ ಚೂರು ಎದ್ದಿರುತ್ತದೆ, ಕಬ್ಬಿಣ ಅಂಟಿರುತ್ತದೆ. ಅದು ಗೋಡೆಗೆ ತಾಗಿದರೆ ಇನ್ಸರ್ಟ್ ಓರೆಯಾಗಿ ಕೂರುತ್ತದೆ. ಹಾಗಾಗಿ ಎರಡೂ ಗೋಡೆಯ ಹೊರತುದಿಯಲ್ಲಿ 2 ಮಿಮೀ ಉದ್ದ ಸ್ವಲ್ಪ ಹಿಂದಕ್ಕೆ ಕೆತ್ತಿಬಿಡಿ. ಗೋಡೆ ಮಧ್ಯಭಾಗದಲ್ಲಿ ತಾಗಿದರೆ ಸಾಕು.

ಸ್ಕ್ರೂ ತೂತು ನಟ್ಟನಡುವೆ ಹಾಕಬೇಡಿ. ಈ ಇನ್ಸರ್ಟ್‌ನೊಳಗೆ ಹಿಡಿಸುವ ವೃತ್ತ 9.525 ಮಿಮೀ, ಅರ್ಧ 4.76. ಗೋಡೆಯ ಮೇಲಂಚಿನಿಂದ 4.76 ಅಳೆದರೆ ಇನ್ಸರ್ಟ್ ತೂತಿನ ನಡುವೆ ಬರುತ್ತದೆ. ನೀವು ಎರಡೂ ಗೋಡೆಯಿಂದ 4.6ಕ್ಕೆ ಹಾಕಿ. ಆ 0.15ರಷ್ಟು ಮೂಲೆ ಕಡೆಗೆ ಸರಿದದ್ದರಿಂದಲೇ ಸ್ಕ್ರೂ ಬಿಗಿಯುವಾಗ ಅದರ ತಲೆ ಇನ್ಸರ್ಟನ್ನು ಒಳಕ್ಕೆ ಎಳೆಯುತ್ತದೆ. ಕೊನೆಯ ಕಾಲು ಸುತ್ತಿನಲ್ಲಿ ಇನ್ಸರ್ಟ್ ಸರಕ್ಕನೆ ಮೂಲೆಗೆ ಸರಿಯೋದು ಕಣ್ಣಿಗೇ ಕಾಣುತ್ತದೆ. ಹಾಗೆ ಸರಿಯಲಿಲ್ಲ ಅಂದರೆ ತೂತು ನಡುವೆಯೇ ಇದೆ ಅಂತ ಅರ್ಥ.

ಸ್ಕ್ರೂ ಎಂ3.5, ಪಿಚ್ 0.6. ತೂತು 2.9. ಟ್ಯಾಪ್ ಆರಪಾರ ಹೊಡೆಯಿರಿ. ಮುಂದೆ ಯಾವತ್ತಾದರೂ ಸ್ಕ್ರೂ ಮುರಿದರೆ ಕೆಳಗಿನಿಂದ ಬಿಡಿಸಬಹುದು.

ಜೋಳದ ಮಿಷನ್, ದಾವಣಗೆರೆ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರವಾಯ್ತು. ರಟ್ಟಿನಲ್ಲಿ ಕತ್ತರಿಸಿ ನೋಡಿದೆ, ಈಗ ಸ್ಪಷ್ಟವಾಯ್ತು. ಎರಡು ಪ್ರಶ್ನೆ ಉಳಿದಿವೆ.

ಗೋಡೆಯ 7 ಡಿಗ್ರಿ ಇಳಿಜಾರಿಗೆ ಏನು ಮಾಡಲಿ? ಮಾವನ ಹತ್ತಿರ ನೇರ ಎಂಡ್ ಮಿಲ್ (ಮಿಲ್ಲಿಂಗ್ ಕಟರ್) ಮಾತ್ರ ಇವೆ. ಎರಡನೆಯದು, ಯಾವ ಲೋಹ? ಟ್ರ್ಯಾಕ್ಟರ್ ಆಕ್ಸಲ್ ತುಂಡು ಇದೆ, ಎಂಎಸ್ (ಮೆದು ಉಕ್ಕು) ಚೌಕ ಇದೆ.

ಹರಿಹರದ ಟರ್ನರ್

ನೇರ ಗೋಡೆ ಬಿಟ್ಟರೆ ಏನಾಗುತ್ತದೆ ನೋಡ್ರಿ. ಇನ್ಸರ್ಟ್ ಮೇಲೆ ಅಗಲ, ಕೆಳಗೆ ಕಿರಿದು. ನೇರ ಗೋಡೆಗೆ ಅದರ ಮೇಲಂಚು ಮಾತ್ರ ತಾಗುತ್ತದೆ. ಆ ಮೇಲಂಚೇ ಅಲಗು. ಇವತ್ತು ಗೋಡೆ ಕಡೆ ಇರುವ ಅಲಗು ನಾಳೆ ತಿರುಗಿಸಿದಾಗ ಕೆಲಸಕ್ಕೆ ಬರಬೇಕಾದದ್ದು. ಅದನ್ನು ನೀವೇ ಚಿಪ್ ಮಾಡಿಕೊಂಡ ಹಾಗಾಗುತ್ತದೆ. ಗೋಡೆಯನ್ನು ಎರಡೂವರೆ ಮಿಮೀ ಎತ್ತರಕ್ಕೆ ಇಳಿಸಿದರೆ ಅಲಗು ಉಳಿಯುತ್ತದೆ, ಆದರೆ ತಾಗೋದು ಒಂದು ಗೆರೆಯಷ್ಟೇ. ನಾಲ್ಕು ದಿನ ಕೆಲಸ ಮಾಡಿದ ಮೇಲೆ ಆ ಗೆರೆ ಅಪ್ಪಚ್ಚಿಯಾಗಿ ಇನ್ಸರ್ಟ್ ಅಲುಗಾಡೋಕೆ ಶುರು.

ಕಟರ್ ನೀವೇ ಮಾಡಿಕೊಳ್ಳಿ. ನಿಮ್ಮ ಹತ್ತಿರ ಲೇತ್ ಇದೆಯಲ್ಲ! 8 ಮಿಮೀ ಸಿಲ್ವರ್ ಸ್ಟೀಲ್ (ಕಾಯಿಸಿ ಗಟ್ಟಿ ಮಾಡುವ ಉಕ್ಕು) ರಾಡ್ ತಗೊಳ್ಳಿ. ಕಾಂಪೌಂಡ್ ಸ್ಲೈಡ್ (ಟೂಲ್ ಪೋಸ್ಟ್ ಕೆಳಗಿನ ತಿರುಗುವ ಸ್ಲೈಡ್) 7 ಡಿಗ್ರಿಗೆ ತಿರುಗಿಸಿ, ತುದಿ 3 ಮಿಮೀ ಬರುವ ಹಾಗೆ ಟೇಪರ್ ತಿರುವಿ. ಟೇಪರ್ ಉದ್ದ 6 ಮಿಮೀ ಇದ್ದರೆ ಸಾಕು. ಆಮೇಲೆ ಕಾಂಪೌಂಡ್ ಮುಟ್ಟಬೇಡಿ. ಅದೇ ಸೆಟಿಂಗ್ ಮತ್ತೊಂದು ಕಟರ್‌ಗೆ ಬೇಕಾಗಬಹುದು. ಟೇಪರ್ ಭಾಗವನ್ನು ಅರಹಾಕಿ ಅರ್ಧಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಉಳಿಯುವ ಹಾಗೆ ಚಪ್ಪಟೆ ಮಾಡಿ. ಕಟ್ ಮಾಡೋ ಅಂಚಿನ ಹಿಂದಿನ ಬೆನ್ನು ತಗ್ಗಿಸಿ, ಇಲ್ಲವಾದರೆ ಅದು ಕತ್ತರಿಸೋದಿಲ್ಲ, ಉಜ್ಜುತ್ತದೆ. ತುದಿಯ ಕೆಳಮುಖಕ್ಕೂ ಒಂಚೂರು ಇಳಿಜಾರು ಕೊಡಿ.

ಆಮೇಲೆ ಗ್ಯಾಸ್‌ನಲ್ಲಿ ಕೆಂಪಗೆ ಕಾಯಿಸಿ. ಅಯಸ್ಕಾಂತ ಹತ್ತಿರ ಹಿಡಿದು ನೋಡಿ, ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ ನೀರಿಗೆ ನೇರವಾಗಿ ಅದ್ದಿ. ಓರೆಯಾಗಿ ಅದ್ದಿದರೆ ಸೊಟ್ಟಗಾಗುತ್ತದೆ. ಮೇಲಿನ ಕಪ್ಪು ಎಮರಿ ಹಾಳೆಯಿಂದ ಬೆಳ್ಳಗೆ ಉಜ್ಜಿ. ಈಗ ತುದಿಗೆ ಅಲ್ಲ, ಹಿಂದಿನ ಹಿಡಿಗೆ ನಿಧಾನ ಶಾಖ ಕೊಡಿ. ಬಣ್ಣ ಹಿಡಿಯಿಂದ ತುದಿಗೆ ಹರಿದು ಬರುತ್ತದೆ. ಕಟಿಂಗ್ ಅಂಚು ಒಣಹುಲ್ಲಿನ ಬಣ್ಣಕ್ಕೆ ಬಂದ ಕ್ಷಣ ಮತ್ತೆ ನೀರಿಗೆ. ನೀಲಿಗೆ ಹೋಯ್ತು ಅಂದರೆ ಮೆತ್ತಗಾಯ್ತು, ಮೊದಲಿಂದ ಮಾಡಬೇಕು.

ಈ ಕಟರ್ ಪೂರ್ತಿ ಸೀಟ್ ಕೊರೆಯೋಕಲ್ಲ. ನೇರ ಎಂಡ್ ಮಿಲ್‌ನಲ್ಲಿ ತಳ ಪೂರ್ತಿ ಮುಗಿಸಿ, ಗೋಡೆಯನ್ನು ಬುಡದಲ್ಲಿ 0.2 ಬಿಟ್ಟು ತೆಗೆದುಬಿಡಿ. ಉಳಿದ ಇಳಿಜಾರನ್ನು ಮಾತ್ರ ಇದರಿಂದ ತೆಗೆಯಿರಿ. ನಿಧಾನ ಸ್ಪೀಡ್, ಕಟಿಂಗ್ ಆಯಿಲ್ ಜಾಸ್ತಿ. ವೈಸ್‌ನಲ್ಲಿ ಶ್ಯಾಂಕನ್ನು 5 ಡಿಗ್ರಿಗೆ ತಿರುಗಿಸಿ ಒಂದು ಗೋಡೆ, 15ಕ್ಕೆ ತಿರುಗಿಸಿ ಇನ್ನೊಂದು. ಆ್ಯಂಗಲ್‌ಗೆ ಬೆವೆಲ್ ಪ್ರೊಟ್ರ್ಯಾಕ್ಟರ್ ಇಟ್ಟು ನೋಡಿ, ಕಣ್ಣಂದಾಜು ಬೇಡ.

ಮುಗಿದ ಮೇಲೆ ಇನ್ಸರ್ಟ್ ತಳಕ್ಕೂ ಬದಿಗೂ ಮಾರ್ಕರ್ ಮಸಿ ಹಚ್ಚಿ. ಒಣಗುವ ಮುಂಚೆ ಸೀಟ್‌ನಲ್ಲಿಟ್ಟು ಬೆರಳಿಂದ ಒತ್ತಿ ತೆಗೆಯಿರಿ. ಸೀಟ್‌ನಲ್ಲಿ ಎಲ್ಲೆಲ್ಲಿ ಮಸಿ ಅಂಟಿದೆ ನೋಡಿ. ತಳದಲ್ಲಿ ಮುಂದಿನ ಮೂಲೆ ಕೆಳಗೆ ಮಸಿ ಬಂದಿರಲೇಬೇಕು. ಅಲ್ಲಿ ಪೊಳ್ಳಿದ್ದರೆ ಮೊದಲ ಕಟ್‌ಗೇ ಇನ್ಸರ್ಟ್ ಒಡೆಯುತ್ತದೆ. ಕಾರ್ಬೈಡ್ ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಬಗ್ಗಿಸಿದರೆ ತಡೆಯೋದಿಲ್ಲ. ಒಂದು ಸಣ್ಣ ಚಿಪ್ಸ್ ಚೂರು ಕೆಳಗೆ ಸಿಕ್ಕಿಕೊಂಡರೂ ಅದೇ ಕಥೆ. ಇನ್ಸರ್ಟ್ ತಿರುಗಿಸುವಾಗ ಪ್ರತಿ ಸಲ ಸೀಟ್ ಒರೆಸಿ. ಬಟ್ಟೆಯ ಎಳೆಯೂ ಉಳಿಯಬಾರದು.

ಮರೆಯಬಾರದ್ದು ಇನ್ನೊಂದಿದೆ. ಇನ್ಸರ್ಟ್ ಕೆಳಗಿನ ಲೋಹ. 7 ಡಿಗ್ರಿ ಇಳಿಜಾರಿನಿಂದ ಇನ್ಸರ್ಟ್ ತಳ ಮೇಲಂಚಿಗಿಂತ ಸುಮಾರು ಅರ್ಧ ಮಿಮೀ ಒಳಗಿದೆ. ಹೋಲ್ಡರ್ ಮೂತಿ ಅದಕ್ಕಿಂತಲೂ ಒಳಗಿರಬೇಕು, ಕೆಳಗೆ ಹೋಗುತ್ತಾ 10 ಡಿಗ್ರಿಯಷ್ಟು ಹಿಂದೆ ಸರಿಯಬೇಕು. ಇಲ್ಲದಿದ್ದರೆ ಹೋಲ್ಡರ್ ಜಾಬ್‌ಗೆ ಉಜ್ಜುತ್ತದೆ. ಆದರೆ ಭಯಪಟ್ಟು ಜಾಸ್ತಿ ಕೆತ್ತಬೇಡಿ. ಮೂಲೆ ಕೆಳಗೆ ಲೋಹ ಇದ್ದಷ್ಟೂ ಒಳ್ಳೆಯದು.

ಲೋಹದ ಬಗ್ಗೆ ದುರ್ಗದ ಮೇಷ್ಟ್ರು ಇಲ್ಲಿದ್ದಾರೆ, ಅವರು ಹೇಳಲಿ.

ಐಟಿಐ ಮೇಷ್ಟ್ರು, ಚಿತ್ರದುರ್ಗ

ಟರ್ನರ್ ಅಣ್ಣ ಹೇಳಿದ್ದರಲ್ಲಿ ಸೇರಿಸಲು ಹೆಚ್ಚೇನೂ ಇಲ್ಲ. ಲೋಹ ಮತ್ತು ಸ್ಕ್ರೂ ಬಗ್ಗೆ ಎರಡು ಮಾತು.

ಎಂಎಸ್ ಬೇಡ. ಗೋಡೆ ಬೇಗ ಅಮುಕಿಹೋಗುತ್ತದೆ, ದಾರವೂ ಕೀಳುತ್ತದೆ. ಆಕ್ಸಲ್ ತುಂಡು ಕೂಡ ಬೇಡ. ಅದರ ಮೇಲ್ಪದರ ಗಟ್ಟಿ ಮಾಡಿರುತ್ತಾರೆ, ಒಳಗೆ ಬೇರೆ ಥರ ಇರುತ್ತದೆ. ಮಾವನ ಎಂಡ್ ಮಿಲ್ ಹಾಳಾಗುತ್ತದೆ. ಇಎನ್8 ಅನ್ನುವ ಉಕ್ಕಿನ ಚೌಕ ಸಿಕ್ಕರೆ ನಿಮ್ಮ ಕೆಲಸಕ್ಕೆ ಸಾಕು. ಇನ್ನೂ ಚೆನ್ನಾಗಿರಲಿ ಅಂದರೆ ಇಎನ್24 ತನ್ನಿ, ಟಿ ಕಂಡೀಷನ್‌ನಲ್ಲಿದೆಯಾ ಅಂತ ಕೇಳಿ ತನ್ನಿ. ಅದನ್ನು ಮೊದಲೇ ಹದ ಮಾಡಿರುತ್ತಾರೆ. ಹಾಗೇ ಮಿಲ್ ಮಾಡಬಹುದು, ಆಮೇಲೆ ಕಾಯಿಸುವ ಅಗತ್ಯ ಇಲ್ಲ. ಸೀಟ್ ಕೊರೆದ ಮೇಲೆ ಕಾಯಿಸಿದರೆ ಅಳತೆ ಎಳೆದುಕೊಳ್ಳುತ್ತದೆ.

ಸ್ಕ್ರೂ ಮಾತ್ರ ಇನ್ಸರ್ಟ್‌ಗೆಂದೇ ಮಾಡಿದ್ದನ್ನು ತನ್ನಿ, ಸ್ಟಾರ್ ಕೀ ಟಿ15ರದ್ದು. ಹಾರ್ಡ್‌ವೇರ್ ಅಂಗಡಿಯ ಸಿಎಸ್‌ಕೆ (ಇಳಿಜಾರು ತಲೆಯ) ಅಲೆನ್ ಸ್ಕ್ರೂ ಹಾಕಬೇಡಿ. ಅದರ ತಲೆಯ ಕೋನ 90 ಡಿಗ್ರಿ, ಇನ್ಸರ್ಟ್ ತೂತಿನ ಇಳಿಜಾರು ಅದಕ್ಕಿಂತ ಕಡಿದು. ತೂತಿನ ಬಾಯಿಗೆ ಮಾತ್ರ ತಾಗಿ ಬಿಗಿಯುವಾಗಲೇ ಇನ್ಸರ್ಟ್ ಸೀಳುತ್ತದೆ. ಹುಡುಗರಿಗೆ ನಾನು ಇದನ್ನು ಸ್ಕ್ರೂ ಎರಡನ್ನೂ ಪಕ್ಕದಲ್ಲಿಟ್ಟೇ ತೋರಿಸುವುದು. ಸ್ಕ್ರೂ ಜೊತೆ ಬರುವ ಚಿಕ್ಕ ಕೀ ಸಾಕು, ಅದಕ್ಕೆ ಪೈಪ್ ಹಾಕಿ ಎಳೆಯಬೇಡಿ.

ಓಡಿಸುವುದರ ಬಗ್ಗೆ. ಕೋಟಿಂಗ್ ಇರುವ ಇನ್ಸರ್ಟ್‌ಗೆ ಎಂಎಸ್ ಮೇಲೆ ಕತ್ತರಿಸುವ ಸ್ಪೀಡ್ ನಿಮಿಷಕ್ಕೆ 150 ಮೀಟರ್ ಮೇಲೆಯೇ ಕೊಡಬೇಕು ಅಂತಾರೆ. 40 ಮಿಮೀ ಶಾಫ್ಟ್‌ಗೆ ಅದು ಸುಮಾರು 1200 ಸುತ್ತು. ಹಳೆ ಲೇತ್‌ನಲ್ಲಿ 600ಕ್ಕೆ ಓಡಿಸಿದರೆ ಸಿಗುವುದು 75 ಮೀಟರ್. ಕೆಲಸ ಆಗುತ್ತದೆ, ಆದರೆ ಅಲಗಿಗೆ ಲೋಹ ಅಂಟುವುದು ಜಾಸ್ತಿ. ಆಗ ಕಟ್ ಆಳ ಕಡಿಮೆ ಮಾಡುತ್ತಾ ಹೋಗಬೇಡಿ. ಮೂಲೆಯ ದುಂಡು 0.4 ಇರುವುದರಿಂದ ಕಟ್ ಅದಕ್ಕಿಂತ ಜಾಸ್ತಿ ಇರಲಿ, ಫೀಡ್ ಸುತ್ತಿಗೆ 0.15 ಮಿಮೀ ಆಸುಪಾಸು ಇರಲಿ. 0.1 ಕಟ್ ಕೊಟ್ಟರೆ ಇನ್ಸರ್ಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಚಿಪ್ಸ್ ಕೂಡ ತುಂಡಾಗದೆ ಸುರುಳಿ ಸುರುಳಿಯಾಗಿ ಚಕ್‌ಗೆ ಸುತ್ತಿಕೊಳ್ಳುತ್ತದೆ. ಅದನ್ನು ಕೈಯಿಂದ ಎಳೆಯಬೇಡಿ, ಕೊಕ್ಕೆ ಇಟ್ಟುಕೊಳ್ಳಿ.

ಜೋಳದ ಮಿಷನ್, ದಾವಣಗೆರೆ

ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ಕೈ ಮುಗಿದೆ. ಇಎನ್24 ತುಂಡು ಹುಡುಕುತ್ತಿದ್ದೇನೆ, ಸಿಲ್ವರ್ ಸ್ಟೀಲ್ ಸಿಕ್ಕಿತು. ಕಟರ್‌ನಿಂದಲೇ ಶುರು ಮಾಡುತ್ತೇನೆ. ಕೊನೆಯದಾಗಿ ಒಂದು. ಡಬ್ಬಿಯಲ್ಲಿರುವ ಸಿಎನ್‌ಎಂಜಿಗಳನ್ನೂ ಇದೇ ಥರ ಬಳಸಬಹುದಾ? ಅದರಲ್ಲಿ ಎರಡೂ ಬದಿ ಸೇರಿ ನಾಲ್ಕು ಅಗಲ ಮೂಲೆ ಉಳಿದಿವೆ. ನೋಡಿದರೆ ಆಸೆ ಆಗುತ್ತದೆ.

ಹರಿಹರದ ಟರ್ನರ್

ಆಸೆ ಆಗೋದು ಸಹಜ. ಆದರೆ ಅದು ಬೇರೆ ಹೋಲ್ಡರ್, ಇದೇ ಸೀಟ್‌ಗೆ ಬರೋದಿಲ್ಲ. ಸಿಎನ್‌ಎಂಜಿ ಬದಿ ನೇರ, ಸಡಿಲವೇ ಇಲ್ಲ. ಆ ಸಡಿಲವನ್ನು ಸೀಟ್ ಕೊಡಬೇಕು. ಅದಕ್ಕೇ ಅದರ ತಳವನ್ನು ಸಾಮಾನ್ಯವಾಗಿ 6 ಡಿಗ್ರಿಯಷ್ಟು ಮುಂದಕ್ಕೂ ಬದಿಗೂ ಇಳಿಸಿರುತ್ತಾರೆ. ಎರಡು ಕಡೆ ಓರೆ ಮಾಡಿ ವೈಸ್‌ನಲ್ಲಿ ಕಟ್ಟಿ ತಳ ಕೊರೆಯಬೇಕು. ಗೋಡೆಗೆ ಮಾತ್ರ ನೇರ ಎಂಡ್ ಮಿಲ್ ಸಾಕು, ಟೇಪರ್ ಕಟರ್ ಬೇಡ. ಆ ಮಟ್ಟಿಗೆ ಸುಲಭ.

ಹಾಗೆ ಮುಂದಕ್ಕೆ ಬಾಗಿದ ಇನ್ಸರ್ಟ್ ಲೋಹವನ್ನು ಸುಲಿಯೋದಕ್ಕಿಂತ ತಳ್ಳುತ್ತದೆ. ಮೋಟಾರ್‌ಗೆ ಭಾರ ಜಾಸ್ತಿ, ಜಾಬ್ ಮೇಲೂ ಒತ್ತಡ ಜಾಸ್ತಿ. ಉದ್ದ ತೆಳು ಶಾಫ್ಟ್ ಆದರೆ ಬಾಗುತ್ತದೆ, ನಡುಗುತ್ತದೆ. 75 ಡಿಗ್ರಿ ಅಲಗು ಬೇರೆ, ಅದು ಜಾಬನ್ನು ಆಚೆಗೆ ತಳ್ಳೋದು ಸ್ವಲ್ಪ ಇದ್ದೇ ಇರುತ್ತದೆ. ನಿಮ್ಮ ರೈಸ್ ಮಿಲ್ ಪುಲ್ಲಿಗೆ, ದಪ್ಪ ಗಿಡ್ಡ ಜಾಬ್‌ಗೆ ಸಿಎನ್‌ಎಂಜಿ ಚೆನ್ನಾಗಿ ಓಡುತ್ತದೆ. ಬೀಡಿನ ಮೇಲಿನ ಮರಳು ಪದರ ತೆಗೆಯೋಕೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಜೋಳದ ಮಿಷನ್ ಶಾಫ್ಟ್‌ಗೆ ಸಿಸಿಎಂಟಿಯೇ ಇರಲಿ, ಟೇಲ್‌ಸ್ಟಾಕ್ ಸೆಂಟರ್ ಕೊಟ್ಟು ತಿರುವಿ.

ಮೊದಲು ಸಿಸಿಎಂಟಿದು ಮುಗಿಸಿ. ಮಸಿ ಹಚ್ಚಿ ನೋಡಿದ ಸೀಟ್‌ನ ಫೋಟೋ ಹಾಕಿ, ಹೋಲ್ಡರ್ ಫೋಟೋಗಿಂತ ನನಗೆ ಅದು ಬೇಕು. ತಳ ಸರಿ ಕೂತಿದೆ ಅಂತ ಕಂಡರೆ ಸಿಎನ್‌ಎಂಜಿ ಸೀಟ್‌ಗೆ ವೈಸ್ ಹೇಗೆ ಕಟ್ಟೋದು ಅಂತ ಚಿತ್ರ ಬರೆದು ಹಾಕ್ತೀನಿ.